ಒಂಬತ್ತನೇ ಮೇಜಿನ ಮೇಣದಬತ್ತಿಯವರ ಸನ್ನಿಧಿಗೆ

ಮಾನ್ಯ ಮೇಣದಬತ್ತಿಯವರೇ,

ಗಾಜಿನ ಲೋಟದೊಳಗೆ, ಕಾಲಡಿಗೆ ಒಂದೇ ಒಂದು ಗುಲಾಬಿ ಎಸಳನ್ನು ಹಾಸಿಕೊಂಡು ವಿರಾಜಮಾನರಾಗಿದ್ದ ತಮಗೆ ಈ ಬಡ ಗ್ರಾಹಕಳ ಅನಂತ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ತಾವೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ಪದ್ಧತಿಯಾದರೂ, ನಾವು ಊಟ ಮುಗಿಸಿ ಎದ್ದಾಗಲೇ ತಾವು ಸೊಂಟದವರೆಗೆ ಕರಗಿ ಒಂದು ಕಡೆಗೆ ವಾಲಿದ್ದನ್ನು ಕಣ್ಣಾರೆ ಕಂಡಿರುವುದರಿಂದ ಹಾಗೆ ಬರೆಯಲು ಕೈ ಬರುತ್ತಿಲ್ಲ. ತಾವು ಈಗಾಗಲೇ ಕಾಲವಾಗಿದ್ದಲ್ಲಿ, ತಮ್ಮ ಸ್ಥಾನಕ್ಕೆ ಬಂದಿರುವ ಹೊಸ ಮೇಣದಬತ್ತಿಯವರು ಇದನ್ನು ಹಿಂದಿನವರ ಕಡತವೆಂದು ಮೂಲೆಗೆ ಸರಿಸದೆ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರುತ್ತೇನೆ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಮ್ಮ ಬೆಳಕಿನಲ್ಲಿ ತಾವೇ ಒಂದು ಪತ್ರವನ್ನು ಓದಿಕೊಳ್ಳಬಲ್ಲಿರೆಂಬ ನಂಬಿಕೆ ನನಗಿಲ್ಲ, ಆದ್ದರಿಂದ ಬೇರೆ ಯಾರಾದರೂ ಓದಿ ಹೇಳಲಿ ಎಂಬುದು ನನ್ನ ಉದ್ದೇಶ.

ಕಳೆದ ತಿಂಗಳ ಎರಡನೇ ಶನಿವಾರ ಸಂಜೆ ಏಳೂವರೆಗೆ ಕಿಟಕಿ ಪಕ್ಕದ ಒಂಬತ್ತನೇ ಮೇಜಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ ಜೋರು ಗಂಟಲಿನ ಹೆಂಗಸು ನಾನೇ. ಎದುರಿಗಿದ್ದವರು ನಮ್ಮವರು. ಅಂದಿಗೆ ನಮ್ಮ ಮದುವೆಯಾಗಿ ಮೂವತ್ತನಾಲ್ಕು ವರ್ಷ ತುಂಬಿತ್ತು. ಕಟ್ಟುಹಲ್ಲು ತಯಾರಿಸುವ ಕೆಲಸದಲ್ಲಿರುವ ನಮ್ಮ ಮಗಳು ತಮ್ಮ ಹೋಟೆಲಿನ 'ನಿಧಾನದ ಊಟ'ವನ್ನು ನಮಗೆ ಉಡುಗೊರೆಯಾಗಿ ಕಾದಿರಿಸಿದ್ದಳು. "ಮೂರು ಗಂಟೆ ಊಟ ಅಮ್ಮ ಅದು, ಒಂದೊಂದೇ ತರ್ತಾರೆ. ನೀವಿಬ್ರೂ ದಯವಿಟ್ಟು ಅಗಿದು ತಿನ್ನಿ" ಎಂದು ಬಾಗಿಲಲ್ಲಿ ನಿಂತು ಎರಡೆರಡು ಸಲ ಹೇಳಿ ಕಳಿಸಿದಳು. ಅವಳ ಆತಂಕಕ್ಕೆ ಕಾರಣವಿತ್ತು. ಕೆಲಸದ ದಿನಗಳಲ್ಲಿ ನಮಗಿದ್ದ ಊಟದ ಬಿಡುವು ಇಪ್ಪತ್ತು ನಿಮಿಷ, ಅದರಲ್ಲಿ ಆರು ನಿಮಿಷ ಕೈತೊಳೆಯುವ ಸಾಲಿನಲ್ಲೇ ಕಳೆಯುತ್ತಿತ್ತು. ಆ ಅಭ್ಯಾಸ ಇನ್ನೂ ಹೋಗಿಲ್ಲ. ತಮ್ಮ ಹೋಟೆಲಿನ ನರೆಮೀಸೆಯ ವೇಟರ್ ಮಹಾಶಯರು ಸೂಪು ಇಟ್ಟು ಅಡುಗೆಮನೆಯ ಬಾಗಿಲು ತಲುಪುವಷ್ಟರಲ್ಲಿ ನಾವು ಖಾಲಿ ಬಟ್ಟಲುಗಳನ್ನು ಒಂದರೊಳಗೊಂದು ಸೇರಿಸಿ ಮೇಜಿನ ಅಂಚಿಗೆ ಇಟ್ಟಾಗಿತ್ತು.

ದೂರಿಗೆ ಬರುವ ಮುನ್ನ ಸ್ವಲ್ಪ ಹಿನ್ನೆಲೆ ಹೇಳುವುದು ಅಗತ್ಯ. ತಮಗೆ ಸಮಯ ಕಡಿಮೆಯೆಂದು ಬಲ್ಲೆ, ಆದರೂ ಸಹಿಸಿಕೊಳ್ಳಿ.

ನಾವಿಬ್ಬರೂ ಬಟ್ಟೆ ಗಿರಣಿಯವರು. ನೇಯ್ಗೆಯ ಶೆಡ್ಡಿನಲ್ಲಿ ಇನ್ನೂರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದಲ್ಲೇ ನಿಂತು ಕಿರುಚಿದರೂ ಕೇಳಿಸದು. ಆದ್ದರಿಂದ ಅಲ್ಲಿ ಯಾರೂ ಕಿರುಚುವುದಿಲ್ಲ, ದನಿಯನ್ನು ಮನೆಯಲ್ಲೇ ಬಿಟ್ಟು ಬಂದವರಂತೆ ಬರೀ ತುಟಿ ಆಡಿಸುತ್ತಾರೆ, ಎದುರಿನವರು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಕೆಲಸಕ್ಕೆ ಸೇರಿದ ಆರು ತಿಂಗಳಿಗೆ ನಾನು ಮೂರು ಸಾಲು ಆಚೆಯ ಜಗಳವನ್ನು ಮೊದಲಿನಿಂದ ಕೊನೆಯವರೆಗೆ ಓದಬಲ್ಲವಳಾಗಿದ್ದೆ. ನಮ್ಮವರು ಆಗ ಮಗ್ಗ ರಿಪೇರಿಯ ಮೇಸ್ತ್ರಿ, ಕೈಯಲ್ಲೊಂದು ಸ್ಪ್ಯಾನರ್, ಮೂಗಿನ ಕೆಳಗೆ ಪೊರಕೆಯಂಥ ಮೀಸೆ. ಒಂದು ದಿನ ನಾಲ್ಕು ಮಗ್ಗಗಳ ಆಚೆ ನಿಂತು, ತುಟಿ ಕಾಣಲೆಂದು ಆ ಮೀಸೆಯನ್ನು ಎರಡು ಬೆರಳಿನಿಂದ ಮೇಲಕ್ಕೆತ್ತಿ ಹಿಡಿದು, "ನನ್ನನ್ನ ಮದುವೆ ಆಗ್ತೀಯಾ" ಎಂದು ಸದ್ದಿಲ್ಲದೆ ಕೇಳಿದರು. ನನ್ನ ಮಗ್ಗದಲ್ಲಿ ಆಗಷ್ಟೇ ನೂಲು ತುಂಡಾಗಿತ್ತು. ಗಂಟು ಹಾಕಿ ತಲೆಯೆತ್ತುವಷ್ಟರಲ್ಲಿ ನನ್ನ ಸಾಲಿನ ಹನ್ನೊಂದು ಹೆಂಗಸರೂ ಅದನ್ನು ಓದಿ, ತಮ್ಮತಮ್ಮಲ್ಲೇ ಚರ್ಚಿಸಿ, ನನ್ನ ಪರವಾಗಿ ಒಪ್ಪಿಬಿಟ್ಟಿದ್ದರು. ನಾನು ಕೊನೆಯವಳಾಗಿ "ಆಯ್ತು" ಎಂದೆ.

ಆ ಶೆಡ್ಡು ನನಗೆ ತುಟಿಯೋದುವ ವಿದ್ಯೆ ಕೊಟ್ಟು ಗುರುದಕ್ಷಿಣೆಯಾಗಿ ಕಿವಿಗಳನ್ನು ತೆಗೆದುಕೊಂಡಿತು. ಒಮ್ಮೆಗೇ ಅಲ್ಲ, ನಾನು ನಿವೃತ್ತಳಾದ ಮೇಲೆ, ಸ್ವಲ್ಪ ಸ್ವಲ್ಪವಾಗಿ. ಮೊದಲು ಬಾಗಿಲಿನ ಗಂಟೆ ಹೋಯಿತು, ಆಮೇಲೆ ಕುದಿಯುವ ನೀರು, ಆಮೇಲೆ ಫೋನಿನೊಳಗಿನ ಮಗಳು. ನಮ್ಮವರು ಮದುವೆಯಾದ ಮರುವರ್ಷವೇ ಉಗ್ರಾಣಕ್ಕೆ ವರ್ಗವಾಗಿದ್ದರಿಂದ ಅವರ ಕಿವಿಗಳು ಬಚಾವಾದವು, ಈಗಲೂ ಪಕ್ಕದ ಮನೆಯಲ್ಲಿ ಚಮಚ ಬಿದ್ದರೆ ಎಷ್ಟು ಬಿದ್ದವೆಂದು ಹೇಳುತ್ತಾರೆ. ನನ್ನ ವಿಷಯ ಮಾತ್ರ ನಾನು ಯಾರಿಗೂ ಹೇಳಲಿಲ್ಲ. ತುಟಿ ಕಂಡರೆ ಸಾಕಿತ್ತು, ನಾನು ಸಂಭಾಳಿಸುತ್ತಿದ್ದೆ. ಫೋನು ಬಂದರೆ "ಸಿಗ್ನಲ್ ಸರಿಯಿಲ್ಲ, ಮೆಸೇಜ್ ಹಾಕು" ಎನ್ನುತ್ತಿದ್ದೆ, ಹಿಂದಿನಿಂದ ಕರೆದವರಿಗೆ ಓಗೊಡದೆ ಹೋಗಿ ಜಂಬದವಳೆಂಬ ಹೆಸರನ್ನು ಸಂತೋಷದಿಂದ ಹೊತ್ತುಕೊಂಡಿದ್ದೆ, ಏನೂ ಅರ್ಥವಾಗದಿದ್ದಾಗ "ಹೌದಲ್ವಾ ಮತ್ತೆ" ಎಂದು ತಲೆಯಾಡಿಸುತ್ತಿದ್ದೆ. "ಹೌದಲ್ವಾ ಮತ್ತೆ" ಎಂದವಳನ್ನು ಯಾರೂ ಮರುಪ್ರಶ್ನೆ ಕೇಳುವುದಿಲ್ಲ, ಬೇಕಾದರೆ ತಾವೂ ಪ್ರಯೋಗಿಸಿ ನೋಡಬಹುದು.

ಬಚ್ಚಿಟ್ಟದ್ದೇಕೆ ಎಂದು ತಾವು ಕೇಳಬಹುದು. ನಮ್ಮ ಅತ್ತೆಗೆ ಕೊನೆಯ ಆರು ವರ್ಷ ಕಿವಿ ಕೇಳುತ್ತಿರಲಿಲ್ಲ. ಮೊದಮೊದಲು ಎಲ್ಲವನ್ನೂ ಎರಡೆರಡು ಸಲ ಹೇಳುತ್ತಿದ್ದೆವು, ಆಮೇಲೆ ಒಂದು ಸಲ, ಆಮೇಲೆ "ಅವರಿಗೆ ಕೇಳಿಸಲ್ಲ, ಬಿಡು" ಎಂದು ಅವರ ಎದುರಿಗೇ ಅವರ ವಿಷಯ ಮಾತಾಡಿಕೊಂಡು ನಗುತ್ತಿದ್ದೆವು. ನಾವು ನಗುವುದನ್ನು ನೋಡಿ ಅವರೂ ನಗುತ್ತಿದ್ದರು. ಆ "ಬಿಡು" ಎಂಬ ಮಾತನ್ನು ನಮ್ಮ ಮನೆಯಲ್ಲಿ ಮೊದಲು ಆಡಿದವಳು ನಾನೇ. ಅದು ಒಂದು ದಿನ ತಿರುಗಿ ನನ್ನ ಕಡೆಗೇ ಬರುವುದೆಂದು ನನಗೆ ಭಯವಿತ್ತು. ಇಷ್ಟೇ ವಿಷಯ.

ಈ ಗುಟ್ಟನ್ನು ಎರಡು ವರ್ಷ ಕಾಪಾಡಿಕೊಂಡು ಬರುವುದು ಸುಲಭವಾಗಿರಲಿಲ್ಲ, ಏಕೆಂದರೆ ಅದೇ ಸಮಯಕ್ಕೆ ನಮ್ಮವರಿಗೆ ವಯಸ್ಸಿನ ಚಾಪಲ್ಯ ಶುರುವಾಗಿತ್ತು. ಇದ್ದಕ್ಕಿದ್ದಂತೆ ಒಂದು ಬೆಳಿಗ್ಗೆ ನಲವತ್ತು ವರ್ಷದ ಮೀಸೆಯನ್ನು ಬೋಳಿಸಿಕೊಂಡು, ಸಿಪ್ಪೆ ಸುಲಿದ ಆಲೂಗಡ್ಡೆಯಂತೆ ನನ್ನ ಮುಂದೆ ನಿಂತರು. ಯಾವಳಿಗೋಸ್ಕರ ಈ ಅವತಾರ ಎಂದು ನಾನು ಒಂದು ವಾರ ಅವರನ್ನು ಗೋಳು ಹೊಯ್ದುಕೊಂಡೆ. ಮರುತಿಂಗಳು ಮನೆಯ ದೀಪಗಳನ್ನೆಲ್ಲ ಬದಲಾಯಿಸಿ, ಅಡುಗೆಮನೆಯನ್ನು ಆಪರೇಷನ್ ಕೋಣೆಯಷ್ಟು ಬೆಳ್ಳಗೆ ಮಾಡಿದರು. ಬೆನ್ನು ಹಾಕಿ ಪೇಪರ್ ಓದುತ್ತಾ ಉತ್ತರ ಕೊಡುತ್ತಿದ್ದ ಮನುಷ್ಯ, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುವುದಕ್ಕೂ ಎದ್ದು ಬಂದು ಎದುರಿಗೆ ನಿಲ್ಲತೊಡಗಿದರು. ಕೆಲಸವಿಲ್ಲದ ಗಂಡಸು ಹೆಂಡತಿಯ ಕಾಲಿಗೆ ತೊಡರುವುದು ಎಲ್ಲ ಮನೆಗಳಲ್ಲೂ ಇರುವುದೇ ಎಂದು ನಾನೂ ಸುಮ್ಮನಾದೆ.

ಇನ್ನು ಆ ಸಂಜೆಯ ವಿಷಯ. ಮೊದಲ ಅರ್ಧ ಗಂಟೆ ತಾವಿನ್ನೂ ಪಟ್ಟಕ್ಕೇರಿರಲಿಲ್ಲ, ಛಾವಣಿಯ ದೀಪಗಳೆಲ್ಲ ಉರಿಯುತ್ತಿದ್ದವು, ಮತ್ತು ನಾನು ಅಪಾರ ಸಂತೋಷದಲ್ಲಿದ್ದೆ. ಹದಿನಾಲ್ಕು ಮೇಜುಗಳು, ಅಷ್ಟೂ ಮೇಜಿನವರ ತುಟಿಗಳು, ಎಲ್ಲವೂ ನನ್ನವೇ. ಕಂಬದ ಪಕ್ಕದ ದಂಪತಿ ಯಾರದೋ ಸೋಫಾ ವಾಪಸ್ಸು ಕೊಡುವ ಬಗ್ಗೆ ನಗುಮುಖದಲ್ಲೇ ಕಚ್ಚಾಡುತ್ತಿದ್ದರು. ಬಾಗಿಲ ಬಳಿಯ ಮಾವ ಅಳಿಯನಿಗೆ ಕಾರು ಓಡಿಸುವುದು ಹೇಗೆಂದು ಪಾಠ ಹೇಳುತ್ತಿದ್ದರು, ಅಳಿಯ ಕೆಮ್ಮುವ ನೆಪದಲ್ಲಿ ಕೈಯಡ್ಡ ಇಟ್ಟುಕೊಂಡು ಏನೋ ಅಂದ, ಅದು ಪೂರ್ತಿ ಸಿಗಲಿಲ್ಲ. ಅಷ್ಟರಲ್ಲಿ ದೂರದ ಕೌಂಟರಿನಲ್ಲಿ ತಮ್ಮ ಮ್ಯಾನೇಜರ್ ಸಾಹೇಬರು ವೇಟರ್ ಮಹಾಶಯರಿಗೆ "ಒಂಬತ್ತನೇ ಟೇಬಲ್‌ಗೆ ಇನ್ನು ಬ್ರೆಡ್ ಕೊಡಬೇಡಿ, ಅದರಲ್ಲೇ ಹೊಟ್ಟೆ ತುಂಬಿಸ್ಕೊಳ್ತಿದ್ದಾರೆ" ಎನ್ನುವುದು ಕಂಡಿತು. ಮಹಾಶಯರು ಬಂದಾಗ ನಾನು ವಿನಯದಿಂದಲೇ "ಇನ್ನೊಂದು ಬುಟ್ಟಿ ಬ್ರೆಡ್ ಕೊಡಿ, ಬೇಡ ಅಂದಿದ್ದಾರೆ ಅಂತ ಗೊತ್ತು, ಆದ್ರೂ ಕೊಡಿ" ಎಂದೆ. ಪಾಪ, ಅವರು ಕದ್ದು ಕೇಳುವ ಯಂತ್ರವೇನಾದರೂ ಇದೆಯೇ ಎಂದು ಹೂದಾನಿಯನ್ನು ಎತ್ತಿ ನೋಡಿದರು. ಇನ್ನೇನು ಮ್ಯಾನೇಜರ್ ಸಾಹೇಬರೇ ನಮ್ಮತ್ತ ಬರತೊಡಗಿದಾಗ, ನಮ್ಮವರು ಶೆಡ್ಡಿನ ಅಭ್ಯಾಸದಂತೆ ಹೆಗಲಿಗೆ ಎರಡು ಬೆರಳು ಮುಟ್ಟಿಸಿಕೊಂಡರು. ಮೇಲ್ವಿಚಾರಕ ಬರುತ್ತಿದ್ದಾನೆ ಎಂಬುದಕ್ಕೆ ಅದು ನಮ್ಮ ಸನ್ನೆ. ನಾವಿಬ್ಬರೂ ಥಟ್ಟನೆ ನೆಟ್ಟಗೆ ಕುಳಿತು ಬ್ರೆಡ್ಡನ್ನು ಕರವಸ್ತ್ರದಡಿ ಬಚ್ಚಿಟ್ಟೆವು.

ಸಾಹೇಬರು ಬಂದದ್ದು ಗದರಿಸಲಿಕ್ಕಲ್ಲ, ಶುಭ ಕೋರಲಿಕ್ಕೆ. ಶುಭ ಕೋರಿದ ಮೇಲೆ ಗೋಡೆಯತ್ತ ಕೈ ತೋರಿಸಿದರು, ದೀಪಗಳೆಲ್ಲ ಆರಿದವು, ಬೆಳ್ಳಿಯ ತಟ್ಟೆಯಲ್ಲಿ ತಮ್ಮ ಆಗಮನವಾಯಿತು. ನಮ್ಮವರು ಕುರ್ಚಿಯಿಂದೆದ್ದು, ಲೈಟು ಹಾಕಿ ಎಂದು ಕೈಯನ್ನು ಛಾವಣಿಯತ್ತ ಎತ್ತೆತ್ತಿ ತೋರಿಸಿದರು. ಸಾಹೇಬರು ಮುಗುಳ್ನಕ್ಕು ತಲೆಯಾಡಿಸಿ ಹೊರಟುಹೋದರು. ಮುಂದೆ ಬರಲಿದ್ದ ಮೀನಿನ ಮುಳ್ಳು ಕಾಣುವುದಿಲ್ಲವೆಂಬ ಚಿಂತೆ ನಮ್ಮವರಿಗೆ ಎಂದು ನಾನು ಅಂದುಕೊಂಡೆ.

ಮಾನ್ಯರೇ, ತಮ್ಮ ಬೆಳಕಿನ ಗುಣಗಾನ ಮಾಡಲು ನನ್ನಲ್ಲಿ ಶಬ್ದಗಳಿಲ್ಲ. ಎದುರು ಕುಳಿತವರ ಮೂಗಿನ ಮೇಲೆ ಇಷ್ಟು ಅಭಿಮಾನ, ಅದರ ಕೆಳಗಿನ ಎಲ್ಲದರ ಬಗ್ಗೆ ಇಷ್ಟು ತಾತ್ಸಾರ, ಬೇರೆ ಯಾವ ದೀಪದಲ್ಲೂ ನಾನು ಕಂಡಿಲ್ಲ. ನನ್ನ ಗಂಡನ ಮೂಗಿನ ಹೊಳ್ಳೆಗಳು ಅಷ್ಟು ಗಂಭೀರವಾಗಿವೆಯೆಂದು ಮೂವತ್ತನಾಲ್ಕು ವರ್ಷಗಳಲ್ಲಿ ನನಗೆ ತಿಳಿದೇ ಇರಲಿಲ್ಲ. ಮೂಗಿನ ಕೆಳಗೆ ಮಾತ್ರ ಕತ್ತಲೆ. ತಾವು ಎಡಕ್ಕೆ ಬಾಗಿದಾಗ ತುಟಿಯ ಒಂದು ತುದಿ, ಬಲಕ್ಕೆ ಬಾಗಿದಾಗ ಎರಡು ಹಲ್ಲು, ನೆಟ್ಟಗೆ ನಿಂತಾಗ ಏನೂ ಇಲ್ಲ. ಸರಿಯಾಗಿ ಆ ಹೊತ್ತಿಗೆ, ದಿನಕ್ಕೆ ಒಂದು ಸಾಲಿಗಿಂತ ಹೆಚ್ಚು ಮಾತಾಡದ ನಮ್ಮವರು ಚಮಚ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಮಾತಾಡಲು ಶುರುಮಾಡಿದರು.

ಎಂಟು ನಿಮಿಷ. ಎದುರು ಗೋಡೆಯ ಗಡಿಯಾರದ ಮುಳ್ಳುಗಳಿಗೆ ಹೊಳೆಯುವ ಬಣ್ಣ ಬಳಿದಿದ್ದರಿಂದ ನನಗೆ ಲೆಕ್ಕ ಸಿಕ್ಕಿತು. ಮೇಜಿನ ಮೇಲೆ ಬಾಗಿ, ತಮ್ಮ ಹತ್ತಿರ ಹತ್ತಿರಕ್ಕೆ ಮುಖ ತಂದು, ನಡುನಡುವೆ ನಿಂತು, ಮತ್ತೆ ಶುರುಮಾಡಿ, ಅವರು ಆಡುತ್ತಲೇ ಹೋದರು. ನನಗೆ ಒಂದಕ್ಷರವೂ ದಕ್ಕಲಿಲ್ಲ. ಒಂದು ಸಲ "ಏನು" ಎಂದೆ, ಅವರು ಮತ್ತೆ ಹೇಳಿದರು. ಎರಡನೇ ಸಲವೂ "ಏನು" ಎಂದೆ, ಮತ್ತೆ ಹೇಳಿದರು. ಮೂರನೇ "ಏನು" ನನ್ನ ಬಾಯಿಂದ ಹೊರಡಲಿಲ್ಲ, ಗುಟ್ಟು ಅಲ್ಲೇ ರಟ್ಟಾಗುತ್ತಿತ್ತು. ಕೊನೆಗೆ ಬೇರೆ ದಾರಿ ಕಾಣದೆ ತಮ್ಮನ್ನು ಲೋಟದ ಸಮೇತ ಎತ್ತಿ ಅವರ ಮುಖದ ಹತ್ತಿರ ಹಿಡಿದೆ. ಆಗ ಅವರ ಎಡ ಹುಬ್ಬಿನ ಅರ್ಧ ಭಾಗ ಸುಟ್ಟುಕೊಂಡಿತು, ಆ ವಾಸನೆ ತಮಗೂ ನೆನಪಿರಬಹುದು. ಅದೇನು ಪ್ರೀತಿಯ ಆಟವೆಂದು ತಿಳಿದರೋ, ಕಂಬದ ಪಕ್ಕದ ದಂಪತಿ ಸೋಫಾ ಮರೆತು ಚಪ್ಪಾಳೆ ತಟ್ಟಿದರು. ಹುಬ್ಬು ಹೊಗೆಯಾಡುತ್ತಿದ್ದರೂ ನಮ್ಮವರು ಹಿಂದೆ ಸರಿಯಲಿಲ್ಲ. ಕೊನೆಯ ಮಾತು ಮುಗಿಸಿ, ನನ್ನನ್ನೇ ನೋಡುತ್ತಾ ಕುಳಿತರು. ಏನೋ ಕೇಳಿದ್ದಾರೆ, ಉತ್ತರಕ್ಕೆ ಕಾಯುತ್ತಿದ್ದಾರೆ ಎಂಬಷ್ಟು ಮಾತ್ರ ತಿಳಿಯಿತು. "ಹೌದಲ್ವಾ ಮತ್ತೆ" ಎಂಬುದು ಅಲ್ಲಿ ಸಲ್ಲದೆಂದು ಅವರು ಕೂತ ರೀತಿಯೇ ಹೇಳುತ್ತಿತ್ತು.

ನಾನು "ಆಯ್ತು" ಎಂದೆ. ಅವರು ನನ್ನ ಕೈ ಹಿಡಿದುಕೊಂಡರು, ಕೇಕು ಬರುವವರೆಗೂ ಬಿಡಲಿಲ್ಲ. ಕೇಕನ್ನು ಎಡಗೈಯಲ್ಲೇ ತಿಂದರು.

ಯಾವುದಕ್ಕೆ ಒಪ್ಪಿದೆನೆಂದು ತಿಳಿಯದೆ ಒಂದು ಮನೆಯಲ್ಲಿ ಓಡಾಡುವುದು ಹೇಗಿರುತ್ತದೆಂದು, ಮೇಜು ಬಿಟ್ಟು ಅಲ್ಲಾಡದ ತಾವು ಊಹಿಸಲಾರಿರಿ. ಭಾನುವಾರ ನಮ್ಮವರು ಗಡ್ಡ ಬೋಳಿಸಿಕೊಳ್ಳುತ್ತಾ ಹಾಡುತ್ತಿದ್ದರು, ಕನ್ನಡಿಯಲ್ಲಿ ಕಂಡೆ. ಸೋಮವಾರ ಕ್ಯಾಲೆಂಡರಿನಲ್ಲಿ ಗುರುವಾರದ ಸುತ್ತ ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಬಂತು, ಏನೂ ಬರೆದಿರಲಿಲ್ಲ. ಮಂಗಳವಾರ ಮಗಳು ಬಂದವಳು ನನ್ನನ್ನು ಅಪ್ಪಿಕೊಂಡು, ಮುಖ ನೋಡಿ, "ಅಪ್ಪ ಹೇಳಿದ್ರು. ನೀನು ಒಪ್ತೀಯ ಅಂತ ನಾನಂತೂ ಅಂದ್ಕೊಂಡಿರ್ಲಿಲ್ಲ ಅಮ್ಮ, ಧೈರ್ಯ ನಿಂದು" ಎಂದಳು. ಧೈರ್ಯ ಬೇಕಾದದ್ದು ಯಾವುದಿರಬಹುದೆಂದು ನಾನು ರಾತ್ರಿಯಿಡೀ ಹೊರಳಾಡಿದೆ. ಮನೆ ಮಾರುತ್ತಾರೋ, ಮೋಟಾರ್‌ಸೈಕಲ್ಲಿನಲ್ಲಿ ಸಮುದ್ರದವರೆಗೆ ಹೋಗೋಣವೆಂದರೋ, ಇಲ್ಲಾ ಬೇರೆಯಾಗೋಣವೆಂದೇ ಕೇಳಿದರೋ. ಕೊನೆಗೆ, ಚಮಚಗಳನ್ನು ಉದ್ದದ ಪ್ರಕಾರ ಜೋಡಿಸುವ ಅವರ ಅಕ್ಕ ಇನ್ನು ನಮ್ಮ ಜೊತೆಗೇ ಇರಲು ಬರುತ್ತಾರೆಂದು ತೀರ್ಮಾನಿಸಿ, ಬುಧವಾರ ಹಿಂದಿನ ಕೋಣೆಯ ಬೀರು ಖಾಲಿ ಮಾಡಿಟ್ಟೆ. ನಮ್ಮವರು ಬಂದು ನೋಡಿ, ಖಾಲಿ ಬೀರುವಿನ ಅರ್ಥವಾಗದೆ, ತಮ್ಮ ಎರಡು ಅಂಗಿಗಳನ್ನು ಅದರಲ್ಲಿ ತೂಗುಹಾಕಿ ಹೋದರು.

ಈ ಐದು ದಿನಗಳಲ್ಲಿ ನಾನು ಮನಸ್ಸಿನಲ್ಲೇ ತಮಗೆ ಹಲವು ಮನವಿಗಳನ್ನು ಸಲ್ಲಿಸಿದ್ದೆ. ತಾವು ನಮ್ಮಿಬ್ಬರ ನಡುವೆ ಒಂದು ಗೇಣು ದೂರದಲ್ಲಿ ನಿಂತು ಆ ಎಂಟು ನಿಮಿಷವನ್ನೂ ಕೇಳಿಸಿಕೊಂಡಿರುವುದರಿಂದ, ನಮ್ಮ ಮನೆಗೆ ದಯಮಾಡಿಸಿ ಮೂರನೆಯವರಾಗಿ ಸಾಕ್ಷಿ ನುಡಿಯಬೇಕೆಂದೂ, ಅದು ಸಾಧ್ಯವಿಲ್ಲದಿದ್ದರೆ ಕರಗಿದ ಮೇಣವನ್ನೇ ಅಕ್ಷರಗಳ ಆಕಾರಕ್ಕೆ ಹರಿಸಿ ಲಿಖಿತ ಹೇಳಿಕೆ ಕೊಡಬೇಕೆಂದೂ ಕೋರಿದ್ದೆ. ಮುಂದೆ ಯಾವ ದಂಪತಿಯ ಮೇಜಿಗೆ ಹೋಗುವ ಮೊದಲೂ ತಾವು ಆರು ತಿಂಗಳು ಗಿರಣಿಯ ಟ್ಯೂಬ್‌ಲೈಟುಗಳ ಕೈಕೆಳಗೆ ಅಪ್ರೆಂಟಿಸ್ ಆಗಿ, ಬೆಳಕೆಂದರೆ ತುಟಿಯ ಮೇಲೆ ಬೀಳಬೇಕಾದದ್ದು ಎಂಬ ಮೊದಲ ಪಾಠವನ್ನಾದರೂ ಕಲಿಯಬೇಕೆಂದೂ ಆಗ್ರಹಿಸಿದ್ದೆ. ಆ ಮನವಿಗಳೆಲ್ಲ ಈಗಲೂ ಊರ್ಜಿತದಲ್ಲಿವೆ.

ಗುರುವಾರ ಒಳ್ಳೆಯ ಬಟ್ಟೆ ಉಟ್ಟು ಹೊರಟೆ. ಎರಡು ಬಸ್ಸು ಬದಲಾಯಿಸಿದೆವು. ಎರಡರಲ್ಲೂ ನಮ್ಮವರು ಎದುರುಬದುರು ಸೀಟುಗಳನ್ನೇ ಹುಡುಕಿ ಹಿಡಿದು ಕೂತರು. ಇಳಿದು, ಔಷಧಿ ಅಂಗಡಿ ದಾಟಿ, ಬೂದು ಬಣ್ಣದ ಕಟ್ಟಡವೊಂದರ ಮುಂದೆ ನಿಂತರು. ಬಾಗಿಲ ಮೇಲೆ ಒಂದು ದೊಡ್ಡ ಕಿವಿಯ ಚಿತ್ರ ಬರೆದಿತ್ತು.

ನಾನು ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಅವರು ಎರಡು ಹೆಜ್ಜೆ ಇಳಿದು, ಬಿಸಿಲು ಮುಖಕ್ಕೆ ಬೀಳುವಂತೆ ತಿರುಗಿ, ಶೆಡ್ಡಿನಲ್ಲಿ ಆಡುತ್ತಿದ್ದಂತೆ ಬರೀ ತುಟಿಯಲ್ಲಿ, "ನೀನು ಆಯ್ತು ಅಂದಿದ್ದೆಯಲ್ಲ" ಎಂದರು. ನಾನೂ ದನಿಯಿಲ್ಲದೆ, "ಅವತ್ತು ನಂಗೇನೂ ಕಾಣಿಸ್ಲಿಲ್ಲ" ಎಂದೆ. "ಬತ್ತಿ ಎತ್ತಿ ಹಿಡಿದ್ಯಲ್ಲ, ಓದ್ತಿದ್ದೀಯ ಅಂದ್ಕೊಂಡೆ. ಅದಕ್ಕೇ ಹುಬ್ಬು ಸುಟ್ರೂ ಅಲ್ಲಾಡ್ಲಿಲ್ಲ" ಎಂದರು. ಯಾವಾಗಿಂದ ಗೊತ್ತು ಎಂದು ಕೇಳಿದೆ. ಅವರು ಮೀಸೆಯಿದ್ದ ಜಾಗವನ್ನು ಎರಡು ಬೆರಳಿನಿಂದ ಮೇಲಕ್ಕೆತ್ತುವಂತೆ ಮಾಡಿ ತೋರಿಸಿದರು.

ಮನೆಯ ದೀಪಗಳು, ಉಪ್ಪಿನ ಡಬ್ಬಿ, ಎದುರುಬದುರು ಸೀಟು, ಎಲ್ಲವೂ ಒಟ್ಟಿಗೇ ನೆನಪಾಗಿ ನನಗೆ ನಾಚಿಕೆಯಾಯಿತು. ಒಂದು ವಾರ ಆ ಬೋಳು ಮುಖವನ್ನು ಆಡಿಕೊಂಡು ನಕ್ಕವಳು ನಾನು. "ಬಿಡು" ಎಂದು ನನ್ನ ಬಗ್ಗೆ ಯಾರೋ ಹೇಳುವುದಕ್ಕೆ ನಾನು ಹೆದರಿಕೊಂಡಿದ್ದ ಎರಡು ವರ್ಷವೂ, ಮನೆಯಲ್ಲಿದ್ದ ಒಬ್ಬರು ಒಂದು ಮಾತನ್ನೂ ಬಿಡದೆ ನನ್ನ ಎದುರಿಗೆ ತಂದು ಹೇಳುತ್ತಿದ್ದರು. ಮೆಟ್ಟಿಲ ಮೇಲೆಯೇ ಅತ್ತುಬಿಟ್ಟೆ, ಔಷಧಿ ಅಂಗಡಿಯವರು ನೋಡುತ್ತಿದ್ದರು, ನೋಡಲಿ.

ಒಳಗಿನ ವಿಷಯ ಹೆಚ್ಚೇನಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಸದ್ದು ಬಿಡುವಾಗಲೆಲ್ಲ ಆಚೆ ಕೂತ ನರ್ಸಮ್ಮನ ಬಲ ಭುಜ ಸ್ವಲ್ಪ ಏಳುತ್ತಿತ್ತು, ನಾನು ಪ್ರತಿ ಸಲವೂ ಗುಂಡಿಯನ್ನು ಸರಿಯಾಗಿ ಒತ್ತಿದೆ. ಇಷ್ಟು ಒಳ್ಳೆಯ ಕಿವಿಗಳನ್ನು ತಾನು ನೋಡಿಯೇ ಇಲ್ಲವೆಂದು ಆಕೆ ಹೇಳುತ್ತಿದ್ದಾಗ ನಮ್ಮವರು ಮೆಲ್ಲಗೆ, "ಆ ಕಡೆ ತಿರುಗಿಸಿ ಕೂರಿಸಿ" ಎಂದರು. ಬೆನ್ನು ತಿರುಗಿಸಿ ಕೂತ ಮೇಲೆ ನಾನು ಒಂದೇ ಒಂದು ಸಲ ಒತ್ತಿದೆ, ಅದೂ ಅಂದಾಜಿಗೆ. ಹದಿನೈದು ದಿನದಲ್ಲಿ ಎರಡು ಪುಟ್ಟ ಯಂತ್ರಗಳು ನನ್ನ ಕಿವಿ ಸೇರಿದವು. ಅಂದಿನಿಂದ ನಲ್ಲಿ ತೊಟ್ಟಿಕ್ಕುವುದು, ಚಪ್ಪಲಿ ಎಳೆಯುವುದು, ನಮ್ಮವರು ಗಡ್ಡ ಬೋಳಿಸಿಕೊಳ್ಳುವಾಗ ಹಾಡುವುದು, ಎಲ್ಲವೂ ಕೇಳಿಸುತ್ತಿದೆ. ಅವರ ಹಾಡು ಕೇಳಿಸದಿದ್ದ ಎರಡು ವರ್ಷಗಳನ್ನು ಸುಮ್ಮನೆ ದುಃಖದಲ್ಲಿ ಕಳೆದೆನಲ್ಲ ಎಂಬುದೇ ಈಗಿನ ವ್ಯಥೆ.

ಹಾಗಾದರೆ ದೂರು ಹಿಂತೆಗೆದುಕೊಳ್ಳಬಹುದಲ್ಲ ಎಂದು ತಾವು ಸಂಭ್ರಮಿಸುವುದು ಬೇಡ. ಕಿವಿ ತೋರಿಸೋಣ ಬಾ ಎಂದು ಕೇಳಲು ಅರ್ಧ ನಿಮಿಷ ಸಾಕು, ಮೂರು ಸಲ ಹೇಳಿದರೂ ಒಂದೂವರೆ. ಉಳಿದ ಆರೂವರೆ ನಿಮಿಷ ಅವರು ಏನು ಹೇಳಿದರು? ಕೇಳಿದರೆ, "ಒಂದ್ಸಲ ಹೇಳಿ ಆಗಿದೆ" ಎಂದು ಪೇಪರ್ ಬಿಡಿಸುತ್ತಾರೆ. ಮೂವತ್ತನಾಲ್ಕು ವರ್ಷಕ್ಕೊಮ್ಮೆ ಬಾಯಿಬಿಟ್ಟ ಮನುಷ್ಯನ ಆರೂವರೆ ನಿಮಿಷದ ಮಾತು ತಮ್ಮ ಬಳಿ ಸಿಕ್ಕಿಕೊಂಡಿದೆ, ಅದನ್ನು ನನಗೆ ಹಿಂದಿರುಗಿಸುವವರೆಗೆ ಈ ದೂರು ಜೀವಂತವಾಗಿರುತ್ತದೆಂದು ತಿಳಿಸಲು ವಿಷಾದಿಸುತ್ತೇನೆ.

ತಮ್ಮ ಬೆಳಕಿನಿಂದ ಏನನ್ನೂ ಕಾಣದೆ ಎಲ್ಲಕ್ಕೂ ಒಪ್ಪಿ ಬಂದಿರುವ,
ತಮ್ಮ ವಿಶ್ವಾಸಿ,
ಒಂಬತ್ತನೇ ಮೇಜಿನ ಹೆಂಗಸು

ಮರೆತ ಮಾತು: ಪತ್ರ ಮುಗಿಸುವ ಹೊತ್ತಿಗೆ ನಮ್ಮವರು ಸೋತಿದ್ದಾರೆ. ಮುಂದಿನ ವರ್ಷ ಅದೇ ದಿನ, ಅದೇ ಮೇಜಿನಲ್ಲಿ ಎಲ್ಲವನ್ನೂ ಮೊದಲಿನಿಂದ ಹೇಳುವುದಾಗಿ ಒಪ್ಪಿ, ಈಗಲೇ ಕಾದಿರಿಸಿದ್ದಾರೆ. ಅಂದು ಕೇಳಿಸಿಕೊಳ್ಳಲು ನನಗೆ ಬೆಳಕು ಬೇಕಿಲ್ಲವಾದ್ದರಿಂದ, ತಮ್ಮ ವಂಶಸ್ಥರು ಎಷ್ಟು ಮಂಕಾಗಿ ಬೇಕಾದರೂ ಉರಿಯಲಿ, ನಮ್ಮವರು ಬಾಯಿ ತೆರೆಯುತ್ತಲೇ ನಾನೇ ಊದಿ ಆರಿಸುತ್ತೇನೆ. ಅಲ್ಲಿಯವರೆಗೆ ಉರಿಯುವಾಗ ಮಾತ್ರ ನಮ್ಮವರ ಮುಖದಿಂದ ಒಂದು ಗೇಣು ದೂರವಿರತಕ್ಕದ್ದು. ನನ್ನ ಮಾತಿನ ಮೇಲೆ ಅವರು ಮತ್ತೆ ಮೀಸೆ ಬಿಡುತ್ತಿದ್ದಾರೆ.